ಮೂರು ಸರೋವರ ಕಂಡ ಮಡಚು ಮಸೂರ

ಈ ಮಸೂರವನ್ನು ಕೊಂಡ ವಾರವೇ ಇದರ ಬಗ್ಗೆ ಬರೆಯಬಹುದಿತ್ತು. ಬರೆಯಲಿಲ್ಲ. ಅಂಗಡಿಯ ಮೇಜಿನ ಮೇಲೆ, ದೀಪದ ಕೆಳಗೆ, ನೋಟಿನ ಸಣ್ಣ ಅಕ್ಷರ ನೋಡಿದರೆ ಎಲ್ಲ ಮಸೂರವೂ ಚೆನ್ನಾಗಿಯೇ ಕಾಣುತ್ತದೆ. ಅದು ಮಳೆಯಲ್ಲಿ ನೆನೆಯಬೇಕು, ಚಳಿಗೆ ಮಬ್ಬು ಹಿಡಿಯಬೇಕು, ಮರಳು ತಿನ್ನಬೇಕು. ಆಗ ಅದರ ಗುಣ ಗೊತ್ತಾಗುತ್ತದೆ. ನನ್ನ ಮಸೂರ ಈಗ ಅಷ್ಟನ್ನೂ ಕಂಡಿದೆ. 2023ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಹೇಮಕುಂಡ ಸರೋವರಕ್ಕೆ, 2024ರ ಜುಲೈನಲ್ಲಿ ಲಡಾಖ್‌ನ ತ್ಸೊ ಕರ್ ಮತ್ತು ತ್ಸೊ ಮೊರಿರಿ ಸರೋವರಗಳಿಗೆ ನನ್ನ ಕೊರಳಲ್ಲೇ ನೇತಾಡಿಕೊಂಡು ಹೋಗಿ ಬಂದಿದೆ.

ವಸ್ತು ಏನೆಂದು ಮೊದಲು ಹೇಳುತ್ತೇನೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಡಚು ಮಸೂರ. ಒಳಗೆ ಮೂರು ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ್ದು. ಗಾಜಿನ ಅಗಲ ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಕಡಿಮೆ. ಉಕ್ಕಿನ ಕವಚ ಒಂದು ತಿರುಪಿನ ಸುತ್ತ ತಿರುಗಿ ಗಾಜನ್ನು ಮುಚ್ಚುತ್ತದೆ. ಬೆಂಗಳೂರಿನ ಒಂದು ವಿಜ್ಞಾನ ಪರಿಕರಗಳ ಅಂಗಡಿಯಲ್ಲಿ 1,450 ರೂಪಾಯಿ ಕೊಟ್ಟು ತಂದೆ. ನಾನು ಸಾಗರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು; ಇಷ್ಟು ಹಣವನ್ನು ಒಂದು ಗಾಜಿಗೆ ಕೊಡುವ ಮೊದಲು ಎರಡು ಸಲ ಯೋಚಿಸಿದ್ದೇನೆ. ಈಗ ಕೇಳಿದರೆ, ಎತ್ತರದ ಸರೋವರಗಳ ಕಡೆ ಹೊರಟವರು ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಇದನ್ನು ಕೊಳ್ಳಲಿ ಎನ್ನುತ್ತೇನೆ.

ಕಾರಣ ಸರಳ. ಮರಗಳು ನಿಲ್ಲುವ ಎತ್ತರವನ್ನು ದಾಟಿದ ಮೇಲೆ ಸಸ್ಯಗಳೆಲ್ಲ ನೆಲಕ್ಕೆ ಅಂಟಿಕೊಳ್ಳುತ್ತವೆ. ಮೇಲೆ ಗಾಳಿ ಕೊರೆಯುತ್ತಿದ್ದರೂ ನೆಲದಿಂದ ನಾಲ್ಕು ಬೆರಳಿನೊಳಗೆ ಬಿಸಿಲು ಕಾಯಿಸಿದ ತೆಳುವಾದ ಪದರವೊಂದು ಇರುತ್ತದೆ. ಬದುಕೆಲ್ಲ ಆ ಪದರದಲ್ಲೇ. ಎಲೆ ಒಂದು ಅಕ್ಕಿಕಾಳಿನಷ್ಟು, ಹೂವು ಒಂದು ಮೆಣಸಿನಕಾಳಿನಷ್ಟು. ಜನ ಅಷ್ಟು ದೂರ ಹೋಗಿ ನೀರಿನ ನೀಲಿಯನ್ನು ನೋಡುತ್ತಾರೆ, ಹಿಮದ ಶಿಖರವನ್ನು ನೋಡುತ್ತಾರೆ, ಪಾದದ ಬಳಿ ಇರುವುದನ್ನು ಹುಲ್ಲು ಎಂದುಕೊಂಡು ನಡೆದುಬಿಡುತ್ತಾರೆ. ಅದು ಹುಲ್ಲಲ್ಲ ಎಂದು ನನಗೆ ತೋರಿಸಿಕೊಟ್ಟದ್ದು ಈ ಮಸೂರ.

ಕೊಳ್ಳುವಾಗ ಎಚ್ಚರವಿರಲಿ. ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ 280 ರೂಪಾಯಿಗೆ ಒಂದು ತರಿಸಿದ್ದೆ. ಕವಚದ ಮೇಲೆ 30 ಪಟ್ಟು ಎಂದು ಕೊರೆದಿತ್ತು. ಮೂವತ್ತು ಪಟ್ಟಿನ ಮಸೂರ ಹೂವಿನಿಂದ ಎಂಟು ಮಿಲಿಮೀಟರ್‌ನಷ್ಟು ಹತ್ತಿರ ಬಂದರೆ ಮಾತ್ರ ಬಿಂಬ ತೋರಿಸುತ್ತದೆ. ಇದು ನಾಲ್ಕು ಸೆಂಟಿಮೀಟರ್ ದೂರದಲ್ಲೇ ತೋರಿಸುತ್ತಿತ್ತು. ಅಂದರೆ ಆರು ಪಟ್ಟಿನ ಆಸುಪಾಸು. ಅಂಚಿನಲ್ಲಿ ಕೆಂಪು-ನೀಲಿ ಬಣ್ಣದ ಗೆರೆ ಬೇರೆ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಕಿಟಕಿಯ ಎದುರಿನ ಗೋಡೆಯ ಬಳಿ ಮಸೂರ ಹಿಡಿದು, ಹೊರಗಿನ ಮರದ ತಲೆಕೆಳಗಾದ ಪುಟ್ಟ ಬಿಂಬ ಗೋಡೆಯ ಮೇಲೆ ಸ್ಪಷ್ಟವಾಗುವವರೆಗೆ ಹಿಂದೆ ಮುಂದೆ ಸರಿಸಿ. ಗಾಜಿಗೂ ಗೋಡೆಗೂ ಎಷ್ಟು ಮಿಲಿಮೀಟರ್ ಅಂತರವಿದೆಯೋ ಅಳೆದು, 250ನ್ನು ಅದರಿಂದ ಭಾಗಿಸಿ. ಬಂದ ಉತ್ತರವೇ ಆ ಮಸೂರದ ನಿಜವಾದ ಪಟ್ಟು. ನನ್ನ ಮೂರು ಗಾಜಿನ ಮಸೂರಕ್ಕೆ 25 ಮಿಲಿಮೀಟರ್ ಬಂತು. ಹತ್ತು ಎಂದು ಹೇಳಿ ಹತ್ತೇ ಕೊಟ್ಟ ವಸ್ತು. ಮಕ್ಕಳಿಗೆ ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿದೆ. ಸುಳ್ಳು ಹೇಳಿದ ಮಸೂರವೂ ಕೊನೆಗೆ ಪಾಠಕ್ಕೆ ಒದಗಿತು.

ಹಿಡಿಯುವ ರೀತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನೂರರಲ್ಲಿ ತೊಂಬತ್ತು ಜನ ತಪ್ಪಾಗಿ ಹಿಡಿಯುತ್ತಾರೆ. ಭೂತಗನ್ನಡಿಯಂತೆ ಕೈ ಚಾಚಿ ಹಿಡಿಯಬಾರದು. ಮಸೂರ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಹಿಡಿದ ಕೈ ಕೆನ್ನೆಗೆ ಒತ್ತಿರಬೇಕು, ಆಮೇಲೆ ತಲೆಯನ್ನೇ ಹೂವಿನ ಕಡೆ ಬಗ್ಗಿಸಬೇಕು. ಎರಡೂವರೆ ಸೆಂಟಿಮೀಟರ್ ಹತ್ತಿರಕ್ಕೆ ಬಂದಾಗ ಬಾಗಿಲು ತೆರೆದಂತೆ ಎಲ್ಲವೂ ಒಮ್ಮೆಲೇ ಕಾಣುತ್ತದೆ. ಹಾಗಾಗಿ ಎತ್ತರದ ಸರೋವರದ ದಡದಲ್ಲಿ ಇದನ್ನು ಬಳಸಬೇಕಾದರೆ ಮಂಡಿಯೂರಲೇಬೇಕು, ಕೆಲವೊಮ್ಮೆ ಹೊಟ್ಟೆಯ ಮೇಲೆ ಮಲಗಬೇಕು. ಒಂದು ಲಾಭವೂ ಇದೆ: ಹೂವನ್ನು ಕಿತ್ತು ಕಣ್ಣಿನ ಹತ್ತಿರ ತರಬೇಕಾಗಿಲ್ಲ.

ಹೇಮಕುಂಡಕ್ಕೆ ನನ್ನ ತಂಗಿಯೂ ಬಂದಿದ್ದಳು. ಗೋವಿಂದಘಾಟ್‌ನಿಂದ ಘಾಂಗರಿಯಾ, ಅಲ್ಲಿಂದ ಮೇಲೆ ಸುಮಾರು ಆರು ಕಿಲೋಮೀಟರ್ ಕಡಿದಾದ ಏರು. ಘಾಂಗರಿಯಾ ಸುಮಾರು 3,050 ಮೀಟರ್ ಎತ್ತರದಲ್ಲಿದೆ, ಸರೋವರ 4,000 ಮೀಟರ್‌ಗೂ ಮೇಲೆ. ಮೇಲೆ ರಾತ್ರಿ ಉಳಿಯುವ ಹಾಗಿಲ್ಲ. ಬೆಳಿಗ್ಗೆ ಹತ್ತಿ ಮಧ್ಯಾಹ್ನಕ್ಕೆ ಇಳಿಯಬೇಕು. ಹಾದಿಯುದ್ದಕ್ಕೂ ಹೇಸರಗತ್ತೆಗಳ ಸಗಣಿ, ಅದರ ಗೊಬ್ಬರಕ್ಕೆ ಅಗಲ ಎಲೆ ಬಿಟ್ಟು ಕೊಬ್ಬಿದ ರೂಮೆಕ್ಸ್ ಗಿಡಗಳು. ಅರ್ಧ ಹಾದಿ ಕಳೆದ ಮೇಲೆ ಬಂಡೆಯ ಸಂದಿನಲ್ಲಿ ಮೊದಲ ನೀಲಿ ಗಸಗಸೆ ಸಿಕ್ಕಿತು. ಮೆಕನಾಪ್ಸಿಸ್ ಅಕ್ಯುಲಿಯಾಟ. ಮಳೆಹನಿ ಹೊತ್ತ ನಾಲ್ಕು ದಳಗಳು ರೇಷ್ಮೆಯಷ್ಟು ತೆಳು. ಅದೇ ಗಿಡದ ದೇಟು, ಎಲೆ, ಮೊಗ್ಗುಗಳ ಮೇಲೆಲ್ಲ ಒಣಹುಲ್ಲಿನ ಬಣ್ಣದ ಮುಳ್ಳು. ಮಸೂರದಲ್ಲಿ ಪ್ರತಿ ಮುಳ್ಳಿನ ಬುಡವೂ ಸ್ವಲ್ಪ ಉಬ್ಬಿರುವುದು ಕಾಣುತ್ತಿತ್ತು. ತಂಗಿ ನನಗಾಗಿ ಕಾದು ಕಾದು ಮುಂದೆ ಹೋದಳು.

ಬ್ರಹ್ಮಕಮಲದ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನಲ್ಲಿ ಬ್ರಹ್ಮಕಮಲ ಎಂದರೆ ಯಾವುದೆಂದು ಎಲ್ಲರಿಗೂ ಗೊತ್ತು. ಅಂಗಳದ ಕುಂಡದಲ್ಲಿರುವ, ಎಲೆ ನೆಟ್ಟರೆ ಬರುವ, ವರ್ಷಕ್ಕೆ ಕೆಲವೇ ರಾತ್ರಿ ಅರಳುವ ಆ ಬಿಳಿ ಹೂವು. ಅಮ್ಮ ಅದು ಅರಳುವ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದು ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುತ್ತಿದ್ದರು. ಅದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಿಂದ ಬಂದ ಕಳ್ಳಿ. ನಾವು ಎಲೆ ಎನ್ನುವುದು ಅದರ ಚಪ್ಪಟೆಯಾದ ಕಾಂಡ. ಹಾಗೆಂದು ಅಮ್ಮನ ಆರತಿಗೆ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಹಿಮಾಲಯದವರು ಬ್ರಹ್ಮಕಮಲ ಎಂದು ಕರೆಯುವುದು, ಉತ್ತರಾಖಂಡ ತನ್ನ ರಾಜ್ಯಪುಷ್ಪವೆಂದು ಇಟ್ಟುಕೊಂಡಿರುವುದು ಬೇರೆ ಗಿಡ: ಸಾಸ್ಯೂರಿಯ ಒಬ್ವಲಾಟ. ಕಮಲಕ್ಕೂ ಕಳ್ಳಿಗೂ ಸಂಬಂಧವಿಲ್ಲ, ಅದು ಸೇವಂತಿಗೆಯ ಕುಟುಂಬದ್ದು. ಅಷ್ಟನ್ನು ಪುಸ್ತಕದಲ್ಲಿ ಓದಿ ಮಕ್ಕಳಿಗೂ ಹೇಳಿದ್ದೆ. ನೋಡಿರಲಿಲ್ಲ.

ಸರೋವರಕ್ಕೆ ಸ್ವಲ್ಪ ಕೆಳಗಿನ ಇಳಿಜಾರಿನಲ್ಲಿ, ಮಂಜಿನೊಳಗೆ, ದೀಪ ಹಚ್ಚಿಟ್ಟ ಕಾಗದದ ಗೂಡುಗಳಂತೆ ನಿಂತಿದ್ದವು. ಒಂದಲ್ಲ, ಹತ್ತಾರು. ಮೊಣಕಾಲೆತ್ತರದ ಗಿಡ, ಮೇಲ್ತುದಿಯಲ್ಲಿ ದೋಣಿಯಂತೆ ಬಾಗಿದ ತಿಳಿ ಹಳದಿ-ಹಸಿರಿನ ಹೊದಿಕೆಗಳು. ಹೂವಿನ ದಳವೆಂದು ಜನ ಅಂದುಕೊಳ್ಳುವುದು ಇವನ್ನೇ. ನಿಜದಲ್ಲಿ ಇವು ಬಣ್ಣ ಬದಲಿಸಿಕೊಂಡ ಎಲೆಗಳು. ಒಂದು ಹೊದಿಕೆಯ ಅಂಚಿಗೆ ಮಸೂರ ಹಿಡಿದೆ. ಎಣ್ಣೆ ಹಚ್ಚಿದ ಕಾಗದದಂತೆ ಬೆಳಕು ಸೋಸಿ ಬರುತ್ತಿತ್ತು. ನರಗಳು ಉದ್ದಕ್ಕೆ ಓಡಿ, ನಡುನಡುವೆ ಸಣ್ಣ ಬಲೆಯಾಗಿ ಹೆಣೆದುಕೊಂಡಿದ್ದವು. ಬಾಯಿ ಸ್ವಲ್ಪ ತೆರೆದಿದ್ದ ಒಂದರೊಳಗೆ ಇಣುಕಿದಾಗ ನಿಜವಾದ ಹೂವು ಕಂಡಿತು. ಕಡು ನೇರಳೆಯ ಗುಂಡು ತಲೆಗಳ ಗೊಂಚಲು. ಮಸೂರದಲ್ಲಿ ಒಂದೊಂದು ತಲೆಯೂ ಹತ್ತಾರು ಕೊಳವೆಗಳಾಗಿ ಬಿಡಿಸಿಕೊಂಡಿತು. ಪ್ರತಿ ಕೊಳವೆಯೂ ಒಂದು ಇಡೀ ಹೂವು. ಕೆಲವುಗಳ ತುದಿಯಿಂದ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಪರಾಗವನ್ನು ತಳ್ಳಿಕೊಂಡು ಹೊರಬಂದು ಎರಡಾಗಿ ಸೀಳಿ ಸುರುಳಿಯಾಗುತ್ತಿತ್ತು. ಹೊರಗೆ ತುಂತುರು ಮಳೆ, ಒಳಗಿನ ಪರಾಗ ಒಣಗಿಯೇ ಇತ್ತು. ಸಸ್ಯಶಾಸ್ತ್ರಜ್ಞರು ಇಂಥವನ್ನು ಗಾಜಿನ ಮನೆಯ ಸಸ್ಯಗಳು ಎನ್ನುತ್ತಾರೆ. ಹೊದಿಕೆ ಬೆಳಕನ್ನು ಒಳಗೆ ಬಿಡುತ್ತದೆ, ಮಳೆಯನ್ನೂ ಗಾಳಿಯನ್ನೂ ಹೊರಗೆ ತಡೆಯುತ್ತದೆ. ಗಾಢವಾದ ಒಂದು ವಾಸನೆ, ಸುವಾಸನೆ ಎನ್ನಲಾರೆ, ಮೂಗಿಗೆ ಬಡಿಯಿತು. ಆ ಹೊತ್ತಿಗೆ ನನಗೆ ಅಳು ಬಂದಿತ್ತು ಎಂದು ಹೇಳಲು ಸಂಕೋಚವಿಲ್ಲ. ಮೂವತ್ತು ವರ್ಷ ಬೋರ್ಡಿನ ಮೇಲೆ ಸೇವಂತಿಗೆಯ ಪುಷ್ಪಮಂಜರಿಯನ್ನು ಬಿಡಿಸಿದವಳು ನಾನು.

ಇಳಿಯುವಾಗ ಕೆಲವರ ಕೈಯಲ್ಲಿ ಅದೇ ಹೂವು ಇತ್ತು. ದೇವರಿಗೆ ಎಂದರು. ಬೀಜ ಕಟ್ಟುವ ಮೊದಲೇ ಕಿತ್ತರೆ ಆ ಗಿಡದ ಆ ವರ್ಷ ಮುಗಿಯಿತು. ವರ್ಷದ ಹೆಚ್ಚು ತಿಂಗಳು ಹಿಮದಡಿ ಇರುವ ಗಿಡಕ್ಕೆ ಇನ್ನೊಂದು ಅವಕಾಶ ಸುಲಭವಾಗಿ ಸಿಗುವುದಿಲ್ಲ. ಒಬ್ಬ ಹೆಂಗಸಿಗೆ ಮಸೂರ ಕೊಟ್ಟು ಹೂವಿನೊಳಗೆ ನೋಡಲು ಹೇಳಿದೆ. ನೋಡಿದರು, ಬಹಳ ಹೊತ್ತು ನೋಡಿದರು. ಕಿತ್ತ ಹೂವು ಮತ್ತೆ ಗಿಡಕ್ಕೆ ಹೋಗಲಿಲ್ಲ, ಆದರೆ ಅವರು ತಮ್ಮ ಮಗನನ್ನು ಕರೆದು ಅವನಿಗೂ ತೋರಿಸಿದರು.

ಸರೋವರದ ದಡದಲ್ಲಿ ಗುರುದ್ವಾರದವರು ಕೊಟ್ಟ ಖಿಚಡಿ, ಬಿಸಿ ಚಹಾ. ತಂಗಿ ಒಳಗೆ ಬೆಚ್ಚಗೆ ಕುಳಿತಳು. ನಾನು ನೀರು ಜಿನುಗುವ ಕಡೆ ಹೋದೆ. ಅಲ್ಲಿ ಪಾಚಿಯ ನಡುವೆ ಬಿಳಿಯ ಪಾರ್ನಾಸಿಯ ನುಬಿಕೋಲ ಅರಳಿತ್ತು. ಬರಿಗಣ್ಣಿಗೆ ಐದು ದಳದ ಸಾಧಾರಣ ಹೂವು. ಮಸೂರ ಹಿಡಿದರೆ ದಳಗಳ ಮುಂದೆ ಐದು ಪುಟ್ಟ ಅಂಗೈಗಳು, ಒಂದೊಂದಕ್ಕೂ ಮೂರು ಮೊಂಡು ಬೆರಳು. ಅವು ಪರಾಗ ಕೊಡದ ಹುಸಿ ಕೇಸರಗಳು. ನಿಜವಾದ ಕೇಸರಗಳು ಐದೂ ಒಟ್ಟಿಗೆ ಬಲಿಯುವುದಿಲ್ಲ. ಒಂದಾದ ಮೇಲೊಂದು ಸರದಿಯಂತೆ ಎದ್ದು ನಡುವಿನ ಅಂಡಾಶಯದ ಮೇಲೆ ಬಾಗಿ, ಕೆಲಸ ಮುಗಿಸಿ, ಹೊರಕ್ಕೆ ವಾಲುತ್ತವೆ. ನಾನು ನೋಡಿದ ಹೂವಿನಲ್ಲಿ ಎರಡು ಹೊರಗೆ ವಾಲಿದ್ದವು, ಒಂದು ನಡುವೆ ಬಾಗಿತ್ತು, ಇನ್ನೆರಡು ಸರದಿ ಕಾಯುತ್ತಿದ್ದವು. ಈ ಗಿಡದ ಸೋದರಿ ಪ್ರಭೇದವೊಂದಕ್ಕೆ ನಮ್ಮ ಮೈಸೂರಿನ ಹೆಸರೇ ಇದೆ, ಪಾರ್ನಾಸಿಯ ಮೈಸೊರೆನ್ಸಿಸ್. ದಕ್ಷಿಣದ ಬೆಟ್ಟಗಳಲ್ಲಿ ಅದನ್ನು ಕಾಣುವ ಆಸೆ ಅಲ್ಲಿಯೇ ಹುಟ್ಟಿತು.

ಅದೇ ಜಾಗದಲ್ಲಿ ಒಂದು ಗೇಣಿನ ಬಿಸ್ಟೋರ್ಟ ವಿವಿಪಾರ. ದೇಟಿನ ಮೇಲರ್ಧದಲ್ಲಿ ಸಣ್ಣ ಬಿಳಿ ಹೂಗಳು, ಕೆಳಗರ್ಧದಲ್ಲಿ ಹೂವಿನ ಬದಲು ಸಾಸಿವೆಗಿಂತ ದಪ್ಪನೆಯ ನೇರಳೆ-ಕಂದು ಮಣಿಗಳು. ಈ ಮಣಿಗಳು ಬೀಜವಲ್ಲ, ತಯಾರಾದ ಪುಟ್ಟ ಗೆಡ್ಡೆಗಳು. ಬೇಸಿಗೆ ಎರಡು ತಿಂಗಳಿನದಾದರೆ ಹೂವಾಗಿ, ದುಂಬಿ ಬಂದು, ಬೀಜ ಬಲಿತು ಉದುರುವಷ್ಟು ಪುರುಸೊತ್ತು ಎಲ್ಲಿಯದು? ಗಿಡ ಎರಡು ದಾರಿಯನ್ನೂ ಇಟ್ಟುಕೊಂಡಿದೆ. ಮಸೂರವನ್ನು ಕೆಳಗಿನ ಮಣಿಯೊಂದರ ಮೇಲೆ ತಂದಾಗ ಅದರ ನೆತ್ತಿ ಸೀಳಿ, ಮಡಿಸಿದ ಒಂದು ಹಸಿರೆಲೆ ಕೂದಲಿನಷ್ಟೇ ಹೊರಬಂದಿತ್ತು. ತಾಯಿಯ ದೇಟಿನ ಮೇಲೆಯೇ ಮಗು ಮೊಳೆತಿತ್ತು. ಹತ್ತು ಪಟ್ಟಿಗಿಂತ ಕಡಿಮೆಯಾಗಿದ್ದರೆ ಆ ಎಲೆಯನ್ನು ಮಣಿಯ ಮೇಲಿನ ಮಣ್ಣು ಅಂದುಕೊಳ್ಳುತ್ತಿದ್ದೆ.

ದೂರು ಮೊದಲು ಎದ್ದದ್ದೂ ಹೇಮಕುಂಡದಲ್ಲೇ. ಚಳಿಗೆ ತಣ್ಣಗಾದ ಗಾಜನ್ನು ಕಣ್ಣಿನ ಬಳಿ ತಂದೊಡನೆ ಉಸಿರಿನ ಹಬೆ ಮುಚ್ಚಿಬಿಡುತ್ತದೆ. ಒರೆಸಿದರೆ ಮತ್ತೆ ಮುಚ್ಚುತ್ತದೆ. ಕೊನೆಗೆ ಸ್ವೆಟರಿನ ಒಳಗೆ, ಮೈಗೆ ತಾಗುವಂತೆ ಇಟ್ಟುಕೊಂಡೆ. ಬೆಚ್ಚಗಿನ ಗಾಜಿಗೆ ಹಬೆ ಹಿಡಿಯುವುದಿಲ್ಲ. ನೋಡುವಾಗ ಉಸಿರು ಬಿಗಿಹಿಡಿದರೆ ಇನ್ನೂ ಒಳ್ಳೆಯದು, ಆದರೆ ಆ ಎತ್ತರದಲ್ಲಿ ಅದು ಹತ್ತು ಸೆಕೆಂಡಿಗಿಂತ ಹೆಚ್ಚು ಸಾಧ್ಯವಿಲ್ಲ. ಇದು ಗಾಜಿನ ತಪ್ಪಲ್ಲ, ಆದರೂ ಪೊಟ್ಟಣದಲ್ಲಿ ಒಂದು ಸಾಲು ಬರೆದಿಡಬಹುದಿತ್ತು. ತಿರುಪಿನ ವಿಷಯ ಮಾತ್ರ ತಯಾರಕರದೇ ತಪ್ಪು. ಮೂರನೆಯ ದಿನಕ್ಕೆ ಅದು ಸಡಿಲಗೊಂಡು ಮಸೂರ ಕವಚದಿಂದ ತಾನಾಗಿಯೇ ಹೊರಗೆ ತೂಗತೊಡಗಿತು.

ಇನ್ನೊಂದು ಮಾತು. ಮಸೂರದೊಳಗೆ ಕಣ್ಣಿಟ್ಟವರಿಗೆ ಕಾಲ ಕೆಳಗಿನ ಇಳಿಜಾರು ಮರೆತುಹೋಗುತ್ತದೆ. ಪಕ್ಕದ ಹೂಗಳ ಕಣಿವೆಯಲ್ಲಿ ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿ ಇದೆ. ಸಸ್ಯ ಸಂಗ್ರಹಕ್ಕೆಂದು ಇಂಗ್ಲೆಂಡಿನಿಂದ ಬಂದವರು, 1939ರಲ್ಲಿ ಅಲ್ಲಿಯೇ ಜಾರಿ ಬಿದ್ದು ತೀರಿಕೊಂಡರು. ಮರುದಿನ ಅದರ ಮುಂದೆ ನಿಂತಾಗ ಹಿಂದಿನ ದಿನ ನಾನು ಒದ್ದೆ ಬಂಡೆಯ ಅಂಚಿನಲ್ಲಿ ಹೇಗೆ ಮಲಗಿದ್ದೆ ಎಂದು ನೆನಪಾಗಿ ಮೈ ಜುಮ್ಮೆಂದಿತು. ಮೊದಲು ಕೂರಿ, ಕಾಲು ಊರಿ, ಆಮೇಲೆ ನೋಡಿ.

ಲಡಾಖ್‌ನದು ಬೇರೆಯೇ ಲೋಕ. ಹೇಮಕುಂಡ ಮಳೆ ನೆನೆದ ಹಸಿರು. ಇಲ್ಲಿ ಕಣ್ಣು ಹಾಯಿಸಿದಷ್ಟೂ ಒಣ ಮಣ್ಣು. ಲೇಹ್‌ನಲ್ಲಿ ಮೂರು ದಿನ ಮೈ ಒಗ್ಗಿಸಿಕೊಂಡು, 5,300 ಮೀಟರ್ ದಾಟುವ ತಗ್ಲಂಗ್ ಲಾ ಕಣಿವೆದಾರಿಯ ಮೇಲೆ ಗಾಡಿ ನಿಲ್ಲಿಸಿದಾಗ ಎಲ್ಲರೂ ಫಲಕದ ಮುಂದೆ ನಿಂತರು. ನಾನು ರಸ್ತೆಯ ಆಚೆಗಿನ ಕಲ್ಲುಗಳ ನಡುವೆ ಹೋದೆ. ಅಲ್ಲಿ ಪಾಚಿ ಹಿಡಿದ ಬಂಡೆಯಂತೆ ಕಾಣುವ ಉಬ್ಬುಗಳು. ಬೆರಳಿನ ಗಿಣ್ಣಿನಿಂದ ತಟ್ಟಿದರೆ ಕಲ್ಲೇ. ಮಸೂರದಲ್ಲಿ ನೋಡಿದರೆ ಕಲ್ಲಲ್ಲ: ಎಳ್ಳಿಗಿಂತ ಸಣ್ಣ ದಪ್ಪ ಎಲೆಗಳು ಒಂದರ ಬೆನ್ನಿಗೊಂದು ಒತ್ತಿ, ಸಾವಿರಾರು ಪುಟ್ಟ ಹಸಿರು ನಕ್ಷತ್ರಗಳಾಗಿ, ನಡುವೆ ಸೂಜಿ ತೂರಿಸಲೂ ಜಾಗ ಬಿಡದೆ ಕೂತಿದ್ದವು. ಥೈಲಕೋಸ್ಪರ್ಮಮ್ ಎಂಬ ಮೆತ್ತೆಗಿಡ. ಹೆಸರಿಗೆ ಮೆತ್ತೆ, ಮುಟ್ಟಿದರೆ ಗಟ್ಟಿ. ಪೂರ್ವ ಲಡಾಖ್‌ನಲ್ಲಿಯೇ 6,150 ಮೀಟರ್ ಎತ್ತರದಲ್ಲಿ ಆರು ಬಗೆಯ ಹೂಬಿಡುವ ಸಸ್ಯಗಳನ್ನು ವಿಜ್ಞಾನಿಗಳು ಕಂಡು 2015ರಲ್ಲಿ ಪ್ರಕಟಿಸಿದ್ದಾರೆ. ನಾನು ನಿಂತ ಜಾಗದಿಂದ ಇನ್ನೂ ಎಂಟುನೂರು ಮೀಟರ್ ಮೇಲೆ! ಹತ್ತು ಹೆಜ್ಜೆಗೆ ಏದುಸಿರು ಬಿಡುತ್ತಿದ್ದ ನನಗೆ ಆ ಲೆಕ್ಕ ದೊಡ್ಡದಾಗಿ ಕಂಡಿತು.

ತ್ಸೊ ಎಂದರೆ ಸರೋವರ, ಕರ್ ಎಂದರೆ ಬಿಳಿ. ದಡದಲ್ಲಿ ಉಪ್ಪು ಹೆಪ್ಪುಗಟ್ಟಿ ಬೆಳ್ಳಗಿರುವುದಕ್ಕೆ ತ್ಸೊ ಕರ್ ಎಂಬ ಹೆಸರು. ಇಲ್ಲಿ ಎರಡು ನೀರುಗಳಿವೆ. ದಕ್ಷಿಣಕ್ಕೆ ಸ್ಟಾರ್ಟ್ಸಪುಕ್ ತ್ಸೊ, ಸುಮಾರು 438 ಹೆಕ್ಟೇರಿನ ಸಿಹಿನೀರು. ಅದು ಹರಿದು ಸೇರುವ ಉತ್ತರದ ತ್ಸೊ ಕರ್ 1,800 ಹೆಕ್ಟೇರಿನ ಕಡು ಉಪ್ಪು. 2020ರಲ್ಲಿ ಎರಡೂ ಸೇರಿ, ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಬಂದವು. ಒಂದೇ ಬಯಲಿನಲ್ಲಿ ಒಂದು ಗಂಟೆ ನಡೆದರೆ ಸಸ್ಯಗಳೇ ಬದಲಾಗಿಬಿಡುತ್ತವೆ. ನೀರಿಗೆ ನೀರೇ ಹೇಗೆ ಬೇರೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಸಿಹಿನೀರಿನ ಅಂಚಿನಲ್ಲಿ ಜೊಂಡಿನ ಜಾತಿಯ ಹುಲ್ಲುಗಳು ನೇಯ್ದ ಕಂಬಳಿ, ಕಾಲಿಟ್ಟರೆ ನೀರು ಚಿಮ್ಮುತ್ತದೆ. ಕಪ್ಪು ಕುತ್ತಿಗೆಯ ಕೊಕ್ಕರೆಗಳು ದೂರದಲ್ಲಿ ಮೇಯುತ್ತಿದ್ದವು, ಹಾಗಾಗಿ ನಾವು ಒಳಕ್ಕೆ ಹೋಗಲಿಲ್ಲ. ದಡಕ್ಕೆ ಅಲೆ ತಂದು ಹಾಕಿದ ನೀರಗಿಡದ ಒಂದು ಎಳೆಯನ್ನು ಅಂಗೈಯಲ್ಲಿ ಹರವಿಕೊಂಡೆ. ದಾರದಂಥ ಎಲೆಗಳ ಪೊಟಮೊಗೆಟಾನ್ ಜಾತಿಯದು. ಬೆರಳಿಗೆ ಒರಟಾಗಿ ಹತ್ತಿತು. ಮಸೂರದಲ್ಲಿ ಎಲೆಯ ಮೇಲೆಲ್ಲ ರವೆಯಂಥ ಬಿಳಿ ಕಾಳುಗಳು. ಗಡಸು ನೀರಿನಲ್ಲಿ ಮುಳುಗಿ ಬೆಳೆಯುವ ಇಂಥ ಗಿಡಗಳು ನೀರಿನಲ್ಲಿ ಕರಗಿದ ಬೈಕಾರ್ಬೊನೇಟಿನಿಂದ ಇಂಗಾಲವನ್ನು ಎಳೆದುಕೊಂಡಾಗ, ಸುಣ್ಣ ಎಲೆಯ ಮೇಲೆಯೇ ಇಳಿದುಬಿಡುತ್ತದೆ. ಗಿಡ ಊಟ ಮಾಡಿದ ಗುರುತು ಅದು. ಉಪ್ಪಿನ ಕಡೆ ನಡೆದಂತೆ ನೆಲಕ್ಕಂಟಿದ ಗ್ಲಾಕ್ಸ್ ಎಂಬ ಪುಟ್ಟ ಗಿಡ ಸಿಕ್ಕಿತು. ಅದರ ದಪ್ಪ ಎಲೆಗಳ ಮೇಲೂ ಬಿಳಿ ಕಾಳು, ಆದರೆ ಇದು ಸುಣ್ಣವಲ್ಲ, ಎಲೆಯ ಗ್ರಂಥಿಗಳು ಹೊರಹಾಕಿದ ಉಪ್ಪು. ನಾಲಗೆಯ ತುದಿಗೆ ತಾಗಿಸಿ ಖಚಿತಪಡಿಸಿಕೊಂಡೆ. ಅದರಾಚೆಗೆ ಬರೀ ಬಿಳಿ ನೆಲ.

ಆ ಹುಲ್ಲಿನ ಕಂಬಳಿಯ ಮೇಲೆ ಗಾಡಿಯ ಚಕ್ರದ ಎರಡು ಗೆರೆಗಳು ನೇರವಾಗಿ ನೀರಿನವರೆಗೂ ಹೋಗಿದ್ದವು. ಯಾರೋ ಚಿತ್ರ ತೆಗೆಯಲು ಹತ್ತಿರ ಹೋಗಿದ್ದಾರೆ. ಗೆರೆಯೊಳಗೆ ಮಸೂರ ಹಿಡಿದು ನೋಡಿದೆ: ಬೇರುಗಳು ಸತ್ತು ಕಪ್ಪಾಗಿದ್ದವು, ಒಂದು ಹೊಸ ಮೊಳಕೆಯೂ ಇರಲಿಲ್ಲ. ಬೇಸಿಗೆ ಇಷ್ಟು ಚಿಕ್ಕದಾದ ಕಡೆ ಹರಿದ ಕಂಬಳಿ ಮತ್ತೆ ನೇಯ್ದುಕೊಳ್ಳಲು ಎಷ್ಟೋ ವರ್ಷ ಬೇಕು. ನಮ್ಮ ಚಾಲಕರಿಗೆ ಮೊದಲೇ ಹೇಳಿದ್ದೆವು, ಅವರು ರಸ್ತೆ ಬಿಡಲಿಲ್ಲ. ಹೋಗುವವರು ದಯವಿಟ್ಟು ಹೇಳಿ.

ತ್ಸೊ ಮೊರಿರಿಯ ದಡದ ಕೊರ್ಜೋಕ್ ಹಳ್ಳಿಯಲ್ಲಿ ಎರಡು ರಾತ್ರಿ ಉಳಿದೆವು. ಸರೋವರದ ನೀಲಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ಹಳ್ಳಿಯ ತೊರೆ ಹರಡಿಕೊಳ್ಳುವ ಜೌಗಿನಲ್ಲಿ ಹಳದಿ ಹೂಗಳು ಚೆಲ್ಲಿದಂತಿದ್ದವು. ಪೆಡಿಕ್ಯುಲಾರಿಸ್ ಲಾಂಗಿಫ್ಲೋರ. ಅಲ್ಲಿನ ವೈದ್ಯಪದ್ಧತಿಯಲ್ಲಿ ಇದಕ್ಕೆ ಲುಗ್ರು ಸೆರ್ಪೊ, ಹಳದಿ ಕುರಿಕೊಂಬು, ಎಂದು ಹೆಸರು. ಆ ಹೆಸರಿಟ್ಟವರು ಎಷ್ಟು ಹತ್ತಿರದಿಂದ ನೋಡಿರಬೇಕು! ಹೂವಿನ ಮೇಲ್ತುಟಿ ನಿಜವಾಗಿಯೂ ಕೊಂಬಿನಂತೆ ತಿರುಚಿ ಬಾಗಿದೆ. ಕೆಳತುಟಿಯ ಗಂಟಲ ಬಳಿ ಎರಡು ಕಡುಗೆಂಪು ಚುಕ್ಕೆ. ಮಸೂರದಲ್ಲಿ ಕೊಂಬಿನ ತುದಿಯಿಂದ ಶಲಾಕೆಯ ಗುಂಡು ತಲೆ ಇಣುಕುತ್ತಿರುವುದು ಕಂಡಿತು. ಕೆಳಗೆ, ಮಣ್ಣಿನೊಳಗೆ, ಈ ಗಿಡದ ಬೇರು ಪಕ್ಕದ ಹುಲ್ಲಿನ ಬೇರಿಗೆ ಬಾಯಿ ಹಾಕಿ ಕುಡಿಯುತ್ತದೆ. ತನ್ನದೇ ಹಸಿರೆಲೆ ಇದ್ದೂ ಅರ್ಧ ಪರಾವಲಂಬಿ. ಅದನ್ನು ನೋಡಲು ಅಗೆಯಬೇಕಿತ್ತು, ಅಗೆಯಲಿಲ್ಲ.

ನಾನು ಹಾಗೆ ಮಲಗಿರುವಾಗ ಆಡು ಕಾಯುತ್ತಿದ್ದ, ಅಲ್ಲಿನ ಅಲೆಮಾರಿ ಪಶುಪಾಲಕರಾದ ಚಾಂಗ್ಪಾ ಜನರ ಅಜ್ಜಿಯೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಭಾಷೆ ಬರುವುದಿಲ್ಲ. ಮಸೂರ ಕೊಟ್ಟು, ಕಣ್ಣಿಗೆ ಹಿಡಿಯುವುದನ್ನು ತೋರಿಸಿದೆ. ನನ್ನ ವಿದ್ಯಾರ್ಥಿಗಳಿಗೆ ಒಂದು ವಾರ ಬೇಕಾದ ಹಿಡಿತ ಅವರಿಗೆ ಒಂದೇ ಸಲಕ್ಕೆ ಬಂತು. ಹೂವನ್ನು ನೋಡಿ ತಲೆಯಾಡಿಸಿದರು, ಹೆಸರು ಹೇಳಿದರು. ಆಮೇಲೆ ತಮ್ಮ ಅಂಗಿಯ ಮಡಿಕೆಯಿಂದ ಆಡಿನ ಉಣ್ಣೆಯ ಒಂದು ತುಣುಕು ತೆಗೆದು ಮಸೂರದಡಿ ಹಿಡಿದು ನೋಡಿದರು. ನನಗೂ ತೋರಿಸಿದರು. ಮೇಲಿನ ಒರಟು ಕೂದಲು ಹಗ್ಗದಂತೆ, ಅದರ ನಡುವೆ ಒಳಗಿನ ಪಶ್ಮಿನಾ ಜೇಡರ ಬಲೆಯಂತೆ. ಬೆರಳಿನಿಂದ ಒರಟನ್ನು ಬೇರೆ ಮಾಡಿ ಎಸೆದು, ಉಳಿದದ್ದನ್ನು ನನ್ನ ಅಂಗೈಯಲ್ಲಿಟ್ಟರು. ಅದು ಈಗಲೂ ನನ್ನ ಹೂವಿನ ಟಿಪ್ಪಣಿ ಪುಸ್ತಕದಲ್ಲಿದೆ, ಲುಗ್ರು ಸೆರ್ಪೊ ಎಂದು ಬರೆದ ಪುಟದಲ್ಲಿ.

ಲಡಾಖ್‌ನ ದೂಳು ಗಾಜಿನ ಮೇಲೆ ಒಂದು ಕೂದಲೆಳೆಯ ಗೀರು ಬಿಟ್ಟಿದೆ. ತಪ್ಪು ನನ್ನದು, ಊದದೆ ಬಟ್ಟೆಯಲ್ಲಿ ಒರೆಸಿದೆ. ಮೊದಲು ದೂಳನ್ನು ಊದಿ, ಆಮೇಲೆ ಮೆತ್ತನೆಯ ಹತ್ತಿಯಿಂದ ಒರೆಸಬೇಕು. ಗೀರು ನೋಟಕ್ಕೆ ಅಡ್ಡಿಯಾಗಿಲ್ಲ. ಅಂಚಿನವರೆಗೂ ಬಿಂಬ ಇಂದಿಗೂ ಸ್ವಚ್ಛ, ಬಣ್ಣದ ಗೆರೆ ಇಲ್ಲ. ಜೊತೆಗೆ ಬಂದ ತೊಗಲಿನ ಚೀಲ ಹೇಮಕುಂಡದ ಮಳೆಗೆ ಬೂಷ್ಟು ಹಿಡಿದು ಹೋಯಿತು. ಕೊರಳಿನ ಹಗ್ಗ ಅವರು ಕೊಡುವುದೇ ಇಲ್ಲ, ಕೊಡಬೇಕು. ಹಗ್ಗವಿಲ್ಲದ ಮಸೂರ ಚೀಲದ ತಳ ಸೇರುತ್ತದೆ, ಚೀಲದ ತಳದಲ್ಲಿರುವುದನ್ನು ಯಾರೂ ಮಂಜಿನಲ್ಲಿ ನಿಂತು ಹುಡುಕುವುದಿಲ್ಲ. ಕನ್ನಡಕ ಹಾಕುವವರು ಕನ್ನಡಕ ತೆಗೆದು ನೋಡಿದರೆ ಅನುಕೂಲ. ಮುಚ್ಚದೆ ಬಿಸಿಲಿನಲ್ಲಿ ಇಡಬೇಡಿ, ಒಣಹುಲ್ಲಿಗೆ ಬೆಂಕಿ ಹತ್ತುತ್ತದೆ. ದೀಪವಿರುವ ಮಾದರಿಗೆ ಮುನ್ನೂರು ರೂಪಾಯಿ ಹೆಚ್ಚು ಕೊಡುವ ಅಗತ್ಯ ಕಾಣಲಿಲ್ಲ. ಆ ಎತ್ತರದಲ್ಲಿ ಬೆಳಕಿಗೆ ಬರವಿಲ್ಲ.

ತಿರುಪಿಗೆ ಊರಿನ ಗಡಿಯಾರ ರಿಪೇರಿಯವರು ಒಂದು ಹನಿ ಅಂಟು ಹಾಕಿ ಬಿಗಿದು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಮಳೆಗಾಲದ ಮೊದಲು ಶಾಲೆಗೆ ಇದೇ ಮಾದರಿಯ ಇನ್ನು ನಾಲ್ಕು ತರಿಸುತ್ತಿದ್ದೇನೆ. ಹಗ್ಗವನ್ನು ನಾವೇ ಹೆಣೆದುಕೊಳ್ಳುತ್ತೇವೆ.